ಜೋಡಿಯೆಂದು ಸಾಕಿದ್ದು

ಆವನಿ ಬೆಟ್ಟ ಹತ್ತುವವರಲ್ಲಿ ಮಕ್ಕಳ ಫಲ ಬೇಡಿಕೊಳ್ಳಲು ಬರುವ ಹೆಂಗಸರೂ ಇರುತ್ತಾರೆ. ಸೀತೆ ಲವಕುಶರನ್ನು ಹೆತ್ತದ್ದು ಇಲ್ಲಿಯೇ ಎಂಬುದು ಊರಿನ ನಂಬಿಕೆ. ಕೆಳಗೆ ನೊಳಂಬರ ಕಾಲದ ಗುಡಿಗಳು. ಮೇಲೆ ಬಂಡೆ, ಕುರುಚಲು ಗಿಡ, ಒಣಹುಲ್ಲು. ಇಂಥ ಕುರುಚಲು ನೆಲವೇ ನಕ್ಷತ್ರ ಆಮೆಯ ತವರು. ತೆಲುಗು ಬೆರೆತ ನಮ್ಮ ಸೀಮೆಯ ಮಾತಿನಲ್ಲಿ ಆಮೆಯೆಂದರೆ ತಾಬೇಲು. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳ ನಕ್ಷತ್ರ. ರಂಗೋಲಿ ಬಿಡಿಸುವ ಕಣ್ಣಿಗೆ ಬಲು ಬೇಗ ಹಿಡಿಸುತ್ತದೆ. ಅದೇ ಅದರ ಗ್ರಹಚಾರ.

ಆಮೆಯಿದ್ದರೆ ಲಕ್ಷ್ಮಿ ನಿಲ್ಲುತ್ತಾಳೆಂದು ಪೇಟೆಯ ಮನೆಗಳಲ್ಲಿ ಇದನ್ನು ಗುಟ್ಟಾಗಿ ಸಾಕುವುದುಂಟು. 1972ರ ವನ್ಯಜೀವಿ ಕಾಯಿದೆಯಂತೆ ಅದು ಅಪರಾಧ. ಅಂಥ ಒಬ್ಬ ಗೃಹಿಣಿ ನನ್ನನ್ನು ಕೇಳಿದ್ದರು: "ಟೀಚರೇ, ಎರಡನ್ನೂ ಒಂದೇ ದಿನ ತಂದದ್ದು. ಒಂದು ತೆಂಗಿನಕಾಯಿಯಷ್ಟಾಗಿದೆ, ಇನ್ನೊಂದು ಕಿತ್ತಳೆಯಷ್ಟೇ ಇದೆ. ಆರು ವರ್ಷವಾಯಿತು, ಒಂದು ಮೊಟ್ಟೆಯೂ ಇಲ್ಲವಲ್ಲ?"

ಅವು ಗಂಡು ಹೆಣ್ಣು ಎಂದು ಹೇಳಿದವರು ಯಾರು? ಮಾರಿದವನು! ಮರಿಯಲ್ಲಿ ಲಿಂಗ ಗುರುತಿಸುವುದು ಬಹಳ ಕಷ್ಟ. ಬೆಳೆದ ಮೇಲೆ ಗಂಡಿನ ಬಾಲ ಉದ್ದ, ಹೊಟ್ಟೆಯ ಚಿಪ್ಪು ಒಳಗೆ ತಗ್ಗು. ಹೆಣ್ಣಿನ ಬಾಲ ಮೋಟು, ಮೈ ದೊಡ್ಡದು. ಮೊಟ್ಟೆಯಿದ್ದ ಮಣ್ಣು ಬೆಚ್ಚಗಿದ್ದರೆ ಹೆಣ್ಣುಗಳೇ ಹೆಚ್ಚು ಹುಟ್ಟುತ್ತವೆ. ಹಾಗಾಗಿ ಒಂದೇ ಗೂಡಿನ ಮರಿಗಳನ್ನು ತಂದರೆ ಎರಡೂ ಅಕ್ಕತಂಗಿಯರಾಗಿರಬಹುದು.

ನಾವು ಹೀಗಾದರೆ, ಬಲ್ಲವರೇನು ಕಡಿಮೆ? ಇಂಗ್ಲೆಂಡಿನ ಪಾದ್ರಿ ಗಿಲ್ಬರ್ಟ್ ವೈಟ್ ಪ್ರಕೃತಿಯನ್ನು ಕಣ್ಣಿಟ್ಟು ನೋಡಿ ಬರೆದಿಟ್ಟವನು. 1780ರಲ್ಲಿ ಅವನ ಅತ್ತೆಯ ಆಮೆ ಅವನ ಮನೆಗೆ ಬಂತು. ಹೆಸರು ತಿಮೊತಿ, ಗಂಡು ಹೆಸರು. ಅದು ಉಂಡದ್ದು, ಮಲಗಿದ್ದು ಎಲ್ಲವನ್ನೂ ಬರೆದ, ತಕ್ಕಡಿಯಲ್ಲಿಟ್ಟು ತೂಗಿದ. ಅವನು 1793ರಲ್ಲಿ ತೀರಿಕೊಂಡ, ಮರುವರ್ಷ ಆಮೆಯೂ ಹೋಯಿತು. ಲಂಡನ್ನಿನ ವಸ್ತುಸಂಗ್ರಹಾಲಯ ಸೇರಿದ ಚಿಪ್ಪನ್ನು ನೋಡಿದವರು ಇದು ಹೆಣ್ಣು ಎಂದರು. ಮತ್ತೊಂದು ತಿಮೊತಿ 1854ರಲ್ಲಿ ಪೋರ್ಚುಗೀಸ್ ಹಡಗಿನಲ್ಲಿ ಸಿಕ್ಕಿ, ಇಂಗ್ಲೆಂಡಿನ ಕೋಟೆಮನೆಯೊಂದರಲ್ಲಿ 2004ರವರೆಗೆ ಬದುಕಿತ್ತು. 1926ರಲ್ಲಿ ಅದಕ್ಕೆ ಹೆಣ್ಣು ಜೊತೆ ಮಾಡಲು ಹೊರಟಾಗಲೇ ತಿಳಿದದ್ದು, ಅದೇ ಹೆಣ್ಣೆಂದು! ಪಾಪ, ಎಪ್ಪತ್ತೆರಡು ವರ್ಷ ಯಾರೂ ತಿರುಗಿಸಿ ನೋಡಿರಲಿಲ್ಲ.

ಇನ್ನು ತೆಂಗಿನಕಾಯಿ, ಕಿತ್ತಳೆಯ ಮಾತು. ಜೊತೆಯಲ್ಲಿಟ್ಟರೆ ಜೋರಿನದು ತಿಂದು ಬೆಳೆಯುತ್ತದೆ, ಪುಕ್ಕಲಿನದು ಮೂಲೆ ಸೇರಿ ಕುಗ್ಗುತ್ತದೆ. ಅನ್ನ, ಬ್ರೆಡ್ಡು ತಿನ್ನಿಸಿದರೆ ಮೈಯೇನೋ ಬೆಳೆದೀತು; ಸುಣ್ಣದ ಸತ್ತ್ವ, ಬಿಸಿಲು, ತೇವ ಸಾಲದೆ ಚಿಪ್ಪು ಮಾತ್ರ ಗೋಪುರ ಗೋಪುರವಾಗಿ ಏಳುತ್ತದೆ. ಗಂಡು ಸಣ್ಣ ಗಾತ್ರದಲ್ಲೇ, ಬೇಗನೆ ಹರೆಯಕ್ಕೆ ಬಂದು ಹೆಣ್ಣಿನ ಬೆನ್ನು ಹತ್ತುತ್ತದೆ. ಹೆಣ್ಣಿಗೆ ಇನ್ನೂ ವರ್ಷಗಳು ಬೇಕು. ಬಸಿರಾದರೂ ಮಣ್ಣು ತೋಡಿ ಮೊಟ್ಟೆ ಇಡಲು ಜಾಗ ಬೇಕಲ್ಲ! ಮೊಸಾಯಿಕ್ ನೆಲದ ಮೇಲೆ ಎಲ್ಲಿ ತೋಡಬೇಕು? ಮೊಟ್ಟೆ ಹೊಟ್ಟೆಯಲ್ಲೇ ಸಿಕ್ಕಿಕೊಂಡು ಸಾಯುವ ಹೆಣ್ಣಾಮೆಗಳುಂಟು.

"ಹುಡುಗಿ ತುಂಬಿಕೊಂಡಿದ್ದಾಳೆ, ಮದುವೆಗೆ ಬಂದಳು" ಎಂಬ ಮಾತನ್ನು ನಾನು ಶಾಲೆಯ ಬಾಗಿಲಲ್ಲೇ ಎಷ್ಟೋ ಸಲ ಕೇಳಿದ್ದೇನೆ. 1894ರಲ್ಲಿ ಮೈಸೂರು ಸರ್ಕಾರ ಎಂಟು ತುಂಬದ ಹುಡುಗಿಗೆ ಮದುವೆ ಮಾಡಕೂಡದೆಂದು ಕಾಯಿದೆ ತಂದಿತು. ಎಂಟು! ಅಷ್ಟಕ್ಕೂ ಆಗ ಗೊಣಗಿದವರಿದ್ದರು.

ಆ ಗೃಹಿಣಿಗೆ ನಾನು ಹೇಳಿದ್ದು, ಅರಣ್ಯ ಇಲಾಖೆಗೆ ಒಪ್ಪಿಸಿಬಿಡಿ ಎಂದು. "ತಂದ ಕಡೆಯೇ ಬೆಟ್ಟಕ್ಕೆ ಬಿಟ್ಟುಬರುತ್ತೇನೆ" ಎಂದರು. ಅದೂ ಕೂಡದು. ಮನೆಯಲ್ಲಿ ಅಂಟಿದ ರೋಗ ಕಾಡಿನವಕ್ಕೂ ತಗಲೀತು. 2018ರ ನವೆಂಬರಿನಲ್ಲಿ, ಕಳ್ಳಸಾಗಣೆಯಾಗಿ ಸಿಂಗಪುರ ಸೇರಿದ್ದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ಮರಳಿದವು. ಅವನ್ನೂ ನೇರ ಕಾಡಿಗೆ ಬಿಡಲಿಲ್ಲ. ಮರುವರ್ಷ ಅಂತರರಾಷ್ಟ್ರೀಯ ಒಪ್ಪಂದವು ಕಾಡಿನಿಂದ ಹಿಡಿದ ಇವುಗಳ ವ್ಯಾಪಾರವನ್ನು ನಿಷೇಧಿಸಿತು. ಆದರೆ ಭಾರತದ ಒಂದೇ ಸಂಗ್ರಹ ನೆಲೆಯಿಂದ ವರ್ಷಕ್ಕೆ 55,000 ಆಮೆಗಳಾದರೂ ಹೋಗುತ್ತಿದ್ದವೆಂದು 2015ರಲ್ಲೇ ಒಂದು ಅಧ್ಯಯನ ತಿಳಿಸಿತ್ತು. ಅವುಗಳಲ್ಲಿ ಹೆಚ್ಚಿನವು ಮರಿಗಳು, ಮೊಟ್ಟೆ ಇಡುವ ವಯಸ್ಸು ಇನ್ನೂ ಎಷ್ಟೋ ದೂರವಿದ್ದವು.