ಡಯಾಲಿಸಿಸ್: ರೋಗಿಗೆ ರೋಗಿಯೇ ಮಾರ್ಗದರ್ಶಿ

ಆರೋಗ್ಯವಂತರ ಮೂತ್ರಪಿಂಡಗಳು ವಾರದ 168 ಗಂಟೆಯೂ ದುಡಿಯುತ್ತವೆ. ಅವು ಕೈಕೊಟ್ಟವರಿಗೆ ಡಯಾಲಿಸಿಸ್ ಯಂತ್ರದಿಂದ ಸಿಗುವುದು ಸಾಮಾನ್ಯವಾಗಿ 12 ಗಂಟೆಗಳ ಸೇವೆ: ವಾರಕ್ಕೆ ಮೂರು ಸರದಿ, ಸರದಿಗೆ ನಾಲ್ಕು ಗಂಟೆ. ಉಳಿದ 156 ಗಂಟೆಗಳನ್ನು ರೋಗಿಯು ಮನೆಯಲ್ಲಿ, ತನ್ನದೇ ವಿವೇಚನೆಯ ಮೇಲೆ ಕಳೆಯಬೇಕು. ಬಾಯಾರಿದಾಗ ಎಷ್ಟು ನೀರು, ಹಬ್ಬದ ಊಟದಲ್ಲಿ ಯಾವುದು ವರ್ಜ್ಯ, ಕೂಲಿಗೆ ಹೋಗಬಹುದೇ ಎಂಬ ಪ್ರಶ್ನೆಗಳು ಏಳುವಾಗ ವೈದ್ಯರು ಬಳಿಯಲ್ಲಿರುವುದಿಲ್ಲ. ವರ್ಷಗಟ್ಟಲೆ ಈ ಹಾದಿ ಸವೆಸಿದ ರೋಗಿಗೆ ತರಬೇತಿ ನೀಡಿ, ಹೊಸಬರಿಗೆ ಜತೆಗಾರನನ್ನಾಗಿಸುವ ಪದ್ಧತಿ ಈ ಕೊರತೆಯನ್ನು ತುಂಬುತ್ತದೆ.

ಅಮೆರಿಕದಲ್ಲಿ ಇದು ಸಾಕಷ್ಟು ಬೇರೂರಿದೆ. ಮಿಷಿಗನ್ ರಾಜ್ಯದ 21 ಡಯಾಲಿಸಿಸ್ ಕೇಂದ್ರಗಳ 203 ರೋಗಿಗಳನ್ನು ಒಳಗೊಂಡ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಜೀವನದ ಕೊನೆಯ ಹಂತದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಮುಂಚಿತವಾಗಿ ಬರೆದಿಡುವ ವಿಷಯದಲ್ಲಿ ಸಹರೋಗಿಗಳ ಮಾತು ಫಲ ನೀಡಿತ್ತು. ಆಸ್ಪತ್ರೆಗಳ ಬಗ್ಗೆ ಅಪನಂಬಿಕೆ ಹೆಚ್ಚಿದ್ದ ಕಪ್ಪು ವರ್ಣೀಯರಲ್ಲಿ ಪರಿಣಾಮ ವಿಶೇಷವಾಗಿ ಎದ್ದು ಕಂಡಿತು; ಮುದ್ರಿತ ಕರಪತ್ರ ಅವರಲ್ಲಿ ಆ ಕೆಲಸ ಮಾಡಲಿಲ್ಲ.

ಕೊಡಗಿಗೆ ಈ ಸಂಗತಿ ಹತ್ತಿರದ್ದು. ಕೇಂದ್ರ ಸರ್ಕಾರ 2016ರ ಬಜೆಟ್‌ನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸಿದ ಬಳಿಕ ಜಿಲ್ಲಾ ಮಟ್ಟದಲ್ಲಿ ಬಡವರಿಗೆ ಉಚಿತ ಚಿಕಿತ್ಸೆಯ ಅವಕಾಶ ವಿಸ್ತರಿಸಿತು. ಆದರೆ ಯಂತ್ರ ಹತ್ತಿರವಾದರೂ ಮಾತು ಹತ್ತಿರವಾಗಬೇಕಲ್ಲ. ಈ ಪುಟ್ಟ ಜಿಲ್ಲೆಯಲ್ಲಿ ಕನ್ನಡದೊಂದಿಗೆ ಕೊಡವ, ಅರೆಭಾಷೆ, ಮಲಯಾಳ, ತುಳು, ತಮಿಳು, ಎರವ ಭಾಷೆಗಳಿವೆ. ತೋಟದ ಲೈನ್‌ಮನೆಯ ಕಾರ್ಮಿಕನಿಗೆ "ಪೊಟ್ಯಾಸಿಯಂ ಕಡಿಮೆ ಮಾಡಿ" ಎಂದರೆ ಏನೂ ಹೇಳಿದಂತಾಗುವುದಿಲ್ಲ. ಕಿತ್ತಳೆ, ಬಾಳೆಹಣ್ಣು, ಎಳನೀರು, ಹಲಸು ಬೇಡ, ಕಣಿಲೆಯನ್ನು ಬೇಯಿಸಿ ನೀರು ಬಸಿಯದೆ ತಿನ್ನಬಾರದು, ತಿಂದರೂ ಅಳತೆ ಮೀರಬಾರದು, ಕಮರಾಕ್ಷಿಯನ್ನಂತೂ ಮುಟ್ಟಲೇಬಾರದು, ಕಾಫಿಯೂ ದಿನದ ನೀರಿನ ಲೆಕ್ಕಕ್ಕೇ ಸೇರುತ್ತದೆ ಎಂದು ಅವನ ಭಾಷೆಯಲ್ಲೇ ಹೇಳಿದರೆ ಅರ್ಥವಾದೀತು. ಹಾಗೆ ಹೇಳಬಲ್ಲವರು ಪಕ್ಕದ ಹಾಸಿಗೆಯಲ್ಲೇ ಇರುತ್ತಾರೆ.

ಇನ್ನೊಂದು ತೊಡಕು ಮಳೆ. ಜಿಲ್ಲೆಗೆ ರೈಲು ಸಂಪರ್ಕವಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಮಡಿಕೇರಿ-ಸಂಪಾಜೆ ಹೆದ್ದಾರಿ ಮುಚ್ಚಿತ್ತು. ಡಯಾಲಿಸಿಸ್ ರೋಗಿಗೆ ರಸ್ತೆ ಕಡಿತವೆಂದರೆ ಸರದಿ ತಪ್ಪಿದಂತೆ. ನೀರು ಶ್ವಾಸಕೋಶಕ್ಕೆ ಏರಬಹುದು, ಪೊಟ್ಯಾಸಿಯಂ ಹೆಚ್ಚಿ ಹೃದಯ ನಿಲ್ಲಬಹುದು. ಒಂದು ಸರದಿಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರೂ ತಡೆಯಿಲ್ಲದ ವಿದ್ಯುತ್ತೂ ಬೇಕು. ಮಳೆಗಾಲಕ್ಕೆ ಮುನ್ನವೇ ಬದಲಿ ಕೇಂದ್ರ ಗೊತ್ತುಮಾಡಿಕೊಳ್ಳುವುದು, ಚಿಕಿತ್ಸೆಯ ದಾಖಲೆಯ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಡುವುದು, ಸರದಿ ತಪ್ಪಿದ ದಿನಗಳಿಗೆ ವೈದ್ಯರು ಸೂಚಿಸಿದ ಬಿಗಿ ಪಥ್ಯವನ್ನು ಅರಿತಿರುವುದು ಇವೆಲ್ಲ ಅನುಭವಿ ಹೇಳಿಕೊಡಬಹುದಾದ ಪಾಠಗಳು. ಮನೆಯಲ್ಲಿಯೇ ಹೊಟ್ಟೆಯ ಮೂಲಕ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್‌ನ ಕೈವಿಧಾನಕ್ಕೆ ಯಂತ್ರವೂ ಬೇಡ, ವಿದ್ಯುತ್ತೂ ಬೇಡ. ಗುಡ್ಡಗಾಡಿಗೆ ಒಪ್ಪುವ ಈ ವಿಧಾನದ ಬಗ್ಗೆ ಅದನ್ನು ಬಳಸಿದವರ ಮಾತಿಗಿಂತ ಮಿಗಿಲಾದ ಪರಿಚಯವಿಲ್ಲ.

ಹಾಗೆಂದು ಅನುಭವವೊಂದೇ ಅರ್ಹತೆಯಲ್ಲ. ತರಬೇತಿಯ ಬಹುಪಾಲು, ಏನು ಹೇಳಬಾರದು ಎಂಬುದನ್ನು ಕಲಿಸುವುದರಲ್ಲಿಯೇ ಕಳೆಯುತ್ತದೆ. ಫಿಸ್ಟುಲಾ ಇರುವ ಕೈಯಲ್ಲಿ ರಕ್ತದೊತ್ತಡ ಅಳೆಯಬಾರದು, ಭಾರ ಹೊರಬಾರದು, ಅಲ್ಲಿನ ಕಂಪನವನ್ನು ದಿನವೂ ಮುಟ್ಟಿ ನೋಡಬೇಕು ಎಂದು ನೆನಪಿಸಬಹುದು. ಕಂಪನ ನಿಂತರೆ ಮಾಡಬೇಕಾದ್ದು ಒಂದೇ: ತಡಮಾಡದೆ ಆಸ್ಪತ್ರೆಗೆ ಕಳುಹಿಸುವುದು. ಮಾತ್ರೆಯ ಪ್ರಮಾಣ ಬದಲಿಸುವಂತೆ, ನಾಟಿ ಔಷಧ ನೆಚ್ಚಿ ಸರದಿ ಬಿಡುವಂತೆ ಸಲಹೆ ನೀಡುವಂತಿಲ್ಲ. ಒಬ್ಬರ ಕಾಯಿಲೆಯ ಗುಟ್ಟನ್ನು ಮತ್ತೊಬ್ಬರಿಗೆ ಒಯ್ಯುವಂತಿಲ್ಲ. ಎಲ್ಲರೂ ಎಲ್ಲರಿಗೆ ಪರಿಚಿತರಾಗಿರುವ ಸಣ್ಣ ಊರುಗಳಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಮೂತ್ರಪಿಂಡ ಕಸಿಯ ಮಾತು ಬಂದಾಗ ಇನ್ನೂ ಎಚ್ಚರ ಬೇಕು. 1994ರ ಅಂಗಾಂಗ ಕಸಿ ಕಾಯ್ದೆಯಡಿ ಅಂಗ ಮಾರಾಟ ಶಿಕ್ಷಾರ್ಹ ಅಪರಾಧ. ಹತಾಶ ಕುಟುಂಬಗಳನ್ನು ದಲ್ಲಾಳಿಗಳು ಹುಡುಕಿಕೊಂಡು ಬರುವುದುಂಟು. ಮೃತರ ಅಂಗಕ್ಕಾಗಿ ಕರ್ನಾಟಕದಲ್ಲಿ 'ಜೀವಸಾರ್ಥಕತೆ'ಯಡಿ, ಮಾನ್ಯತೆ ಪಡೆದ ಆಸ್ಪತ್ರೆಯ ಮೂಲಕ ಹೆಸರು ನೋಂದಾಯಿಸಬೇಕೆಂಬುದನ್ನು ಮಾರ್ಗದರ್ಶಿ ತಿಳಿಸಬೇಕು.

ಮಾರ್ಗದರ್ಶಿಯೂ ರೋಗಿಯೇ ಎಂಬುದನ್ನು ಯೋಜಕರು ಮರೆಯುವುದುಂಟು. ಆತನ ಆರೋಗ್ಯವೂ ಹಠಾತ್ತನೆ ಕೆಡಬಹುದು. ಆತ ತೀರಿಕೊಂಡರೆ ಆತನನ್ನೇ ನೆಚ್ಚಿದ್ದ ಹೊಸಬರು ಕುಸಿಯುತ್ತಾರೆ. ಆದ್ದರಿಂದ ಒಬ್ಬರ ಮೇಲೆ ಹೆಚ್ಚು ಜನರ ಹೊರೆ ಹೊರಿಸದೆ, ಮಾರ್ಗದರ್ಶಿಗಳ ಅಳಲನ್ನು ಕೇಳಲೆಂದೇ ಕೇಂದ್ರದಲ್ಲಿ ಒಬ್ಬ ಆಪ್ತಸಮಾಲೋಚಕರನ್ನೋ ಹಿರಿಯ ದಾದಿಯನ್ನೋ ಗೊತ್ತುಪಡಿಸಬೇಕಾಗುತ್ತದೆ.