ಹ್ಯೂಗೆನಾಟ್ ಬೀದಿಯ ಕಲ್ಲುಮನೆ

ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಸುಮಾರು 80 ಮೈಲಿ ದೂರದಲ್ಲಿ, ವಾಲ್‌ಕಿಲ್ ನದಿಯ ದಡದಲ್ಲಿ, ನ್ಯೂ ಪಾಲ್ಟ್ಸ್ ಎಂಬ ಪುಟ್ಟ ಊರಿದೆ. ಸೇಬಿನ ಕಾಲದಲ್ಲಿ ನಮ್ಮಲ್ಲಿ ಹಲವರು ಮಕ್ಕಳನ್ನು ಕರೆದುಕೊಂಡು ಆ ಕಡೆ ಹೋಗಿಬರುವುದುಂಟು. ಆದರೆ ತೋಟದಿಂದ ಹಿಂದಿರುಗುವಾಗ ಹ್ಯೂಗೆನಾಟ್ ಬೀದಿಯಲ್ಲಿ ಕಾರು ನಿಲ್ಲಿಸಿದವರು ಕಡಿಮೆ. ಅಲ್ಲಿರುವ ಒಂದು ಕಲ್ಲುಮನೆಯ ಕತೆ ನಮ್ಮಂಥ ವಲಸಿಗರು ಕೇಳಬೇಕಾದದ್ದು.

ಹ್ಯೂಗೆನಾಟರೆಂದರೆ ಫ್ರೆಂಚ್ ಮಾತಾಡುವ ಪ್ರಾಟೆಸ್ಟೆಂಟರು. 1598ರ ನಾಂಟ್ ಶಾಸನ ಅವರಿಗೆ ಒಂದಿಷ್ಟು ಧಾರ್ಮಿಕ ಸ್ವಾತಂತ್ರ್ಯ ಕೊಟ್ಟಿತ್ತು. ಕ್ರಮೇಣ ಅದು ಸವೆಯುತ್ತ ಬಂದು, 1685ರಲ್ಲಿ ದೊರೆ ಹದಿನಾಲ್ಕನೆಯ ಲೂಯಿ ಅದನ್ನು ರದ್ದುಪಡಿಸಿದ. ಮುಂದಾಗುವುದನ್ನು ಊಹಿಸಿದವರು ಅದಕ್ಕೆ ಮೊದಲೇ ಊರು ಬಿಟ್ಟಿದ್ದರು. ಕ್ಯಾಲೆ ಪ್ರದೇಶದ ಝಾನ್ ಮತ್ತು ಅಬ್ರಹಾಂ ಹ್ಯಾಸ್‌ಬ್ರೂಕ್ ಎಂಬ ಸೋದರರು ಇಂಥವರು. ಮೊದಲು ಜರ್ಮನಿಯ ಫಾಲ್ಟ್ಸ್ ಪ್ರಾಂತದಲ್ಲಿ ಆಶ್ರಯ ಪಡೆದು, 1670ರ ದಶಕದಲ್ಲಿ ಹಡ್ಸನ್ ಕಣಿವೆಗೆ ಬಂದರು. 1677ರಲ್ಲಿ ಈ ಸೋದರರೂ ಸೇರಿ 12 ಮಂದಿ, ಎಸೋಪಸ್ ಮೂಲನಿವಾಸಿಗಳಿಗೆ ಪಾತ್ರೆ, ಕೊಡಲಿ, ಬಟ್ಟೆ ಮುಂತಾದ ಸಾಮಾನು ಕೊಟ್ಟು ಸುಮಾರು 40,000 ಎಕರೆ ನೆಲ ಪಡೆದರು. ಅದೇ ವರ್ಷ ಗವರ್ನರ್ ಆಂಡ್ರೋಸ್ ಅದಕ್ಕೆ ಹಕ್ಕುಪತ್ರ ಕೊಟ್ಟ. ಆಶ್ರಯ ಕೊಟ್ಟ ನಾಡನ್ನು ಮರೆಯದೆ ಹೊಸ ಊರಿಗೆ 'ಹೊಸ ಫಾಲ್ಟ್ಸ್' ಎಂದೇ ಹೆಸರಿಟ್ಟರು.

'ಝಾನ್ ಹ್ಯಾಸ್‌ಬ್ರೂಕ್ ಮನೆ' ಎಂದು ಹೆಸರಾದ ಕಲ್ಲುಮನೆಯನ್ನು ಝಾನನೇ ಕಟ್ಟಿಸಿದನೆಂದು ಬಹುಕಾಲ ನಂಬಲಾಗಿತ್ತು. ಆಮೇಲೆ ತಜ್ಞರು ತೊಲೆಗಳಿಂದ ಪೆನ್ಸಿಲ್ ಗಾತ್ರದ ತುಣುಕು ತೆಗೆದು, ಮರದ ಬೆಳವಣಿಗೆಯ ಉಂಗುರಗಳನ್ನು ಪರೀಕ್ಷಿಸಿದರು. ನಮ್ಮ ವೈದ್ಯರ ಮಾತಿನಲ್ಲಿ ಹೇಳುವುದಾದರೆ ಮನೆಗೇ ಬಯಾಪ್ಸಿ! ಮನೆ ಕಟ್ಟಿದ್ದು 1721ರಲ್ಲಿ ಎಂದು ತಿಳಿಯಿತು. ಝಾನ್ ತೀರಿಕೊಂಡದ್ದು 1714ರಲ್ಲಿ. ಕಟ್ಟಿಸಿದವನು ಮಗ ಜೇಕಬ್. ದಪ್ಪ ಕಲ್ಲುಗೋಡೆ, ಕಡಿದಾದ ಸೂರು, ದವಸ ತುಂಬಲು ವಿಶಾಲವಾದ ಅಟ್ಟ, ಪಕ್ಕದ ಗೋಡೆಗಳಿಲ್ಲದ ಡಚ್ಚರ ಒಲೆ. ತಂದೆ ಫ್ರೆಂಚ್ ನೆಲದಿಂದ ಬಂದವನು. ಮಗ ಕಟ್ಟಿಸಿದ್ದು ಡಚ್ಚರ ಮನೆ.

ಮಾತೂ ಅದೇ ದಾರಿ ಹಿಡಿಯಿತು. 1683ರಲ್ಲಿ ಆರಂಭವಾದ ಅವರ ಚರ್ಚಿನಲ್ಲಿ ಫ್ರೆಂಚ್ ಇತ್ತು. ಸುತ್ತಲಿದ್ದ ಡಚ್ಚರೊಡನೆ ವ್ಯಾಪಾರ, ನಂಟಸ್ತನ ಬೆಳೆದು, 18ನೇ ಶತಮಾನದ ಮಧ್ಯದ ಹೊತ್ತಿಗೆ ಡಚ್ ಬಂತು. 19ನೇ ಶತಮಾನದಲ್ಲಿ ಇಂಗ್ಲಿಷ್ ಅದನ್ನೂ ನುಂಗಿತು. ಜೇಕಬನ ಮೊಮ್ಮಗ ಜೊಸಾಯ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ; 1814ರಲ್ಲಿ ಹತ್ತಿರದಲ್ಲೇ ಅಂದಿನ ಹೊಸ ಶೈಲಿಯ ದೊಡ್ಡ ಮನೆ ಕಟ್ಟಿಸಿದ. ಅಬ್ರಹಾಮನ ಮೊಮ್ಮಗ ಜಾನಥನ್ 1750ರಲ್ಲಿ ನ್ಯೂಬರ್ಗ್‌ನಲ್ಲಿ ಕಟ್ಟಿಸಿದ ಕಲ್ಲುಮನೆಯಲ್ಲಿ ಜಾರ್ಜ್ ವಾಷಿಂಗ್ಟನ್ 1782ರ ಏಪ್ರಿಲ್‌ನಿಂದ 1783ರ ಆಗಸ್ಟ್‌ವರೆಗೆ ತಂಗಿದ್ದ. ರಾಜನಾಗಬೇಕೆಂಬ ಸಲಹೆಯನ್ನು ಅವನು ತಳ್ಳಿಹಾಕಿದ್ದು ಅಲ್ಲಿಂದಲೇ.

ಈ ಕತೆಗೆ ಇನ್ನೊಂದು ಮುಖವಿದೆ. ಹಿಂಸೆಗೆ ಹೆದರಿ ಓಡಿಬಂದ ಈ ಜನ ತಾವೇ ಗುಲಾಮರನ್ನು ಇಟ್ಟುಕೊಂಡಿದ್ದರು. ಆ ಬೀದಿಯ ಕಲ್ಲುಮನೆಗಳ ನೆಲಮಾಳಿಗೆಯಲ್ಲಿ ಆಫ್ರಿಕದ ಮೂಲದವರು ದುಡಿದರು, ಮಲಗಿದರು. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1827ರಲ್ಲಿ. ಊರಿನ ವಿಶ್ವವಿದ್ಯಾಲಯ 2019ರಲ್ಲಿ ಹ್ಯಾಸ್‌ಬ್ರೂಕ್ ಮೊದಲಾದ ಕುಟುಂಬಗಳ ಹೆಸರನ್ನು ತನ್ನ ಕೆಲವು ಕಟ್ಟಡಗಳಿಂದ ತೆಗೆಯಿತು. ಹಿರಿಯರ ಕತೆ ಹೇಳುವಾಗ ಇದನ್ನೂ ಬಿಡದೆ ಹೇಳಬೇಕು.

1899ರಲ್ಲಿ, ವಂಶಸ್ಥರು ಸೇರಿ ಕಟ್ಟಿದ ಸಂಘವೊಂದು ಜೇಕಬನ ಮನೆಯನ್ನು ಕೊಂಡು ವಸ್ತುಸಂಗ್ರಹಾಲಯವಾಗಿಸಿತು. ಅಲ್ಲಿಯವರೆಗೆ, ಎಂದರೆ 178 ವರ್ಷ, ಮನೆ ಕುಟುಂಬದ ಕೈಯಲ್ಲೇ ಇತ್ತು. ಮನೆ ಉಳಿಯಿತು, ಹೆಸರು ಉಳಿಯಿತು. ಮಾತು ಎರಡು ಸಲ ಹೋಯಿತು.

ನಮ್ಮದು ತಿರುಗುಮುರುಗು. ಶಿವಮೊಗ್ಗ ಜಿಲ್ಲೆಯಲ್ಲಿ ನನ್ನ ಅಜ್ಜ ಕಟ್ಟಿಸಿದ್ದ ತೊಟ್ಟಿಮನೆ ಈಗಿಲ್ಲ. ನಾನಿಲ್ಲಿ ರೆಸಿಡೆನ್ಸಿ ಮಾಡುತ್ತಿದ್ದಾಗ ಪಾಲಾಯಿತು. ಹೆಂಚು, ಕಂಬ, ಬಾಗಿಲು ಯಾರ್ಯಾರದೋ ಮನೆ ಸೇರಿದವು. ರಜೆ ಸಿಗದೆ ಕೊನೆಗೊಮ್ಮೆ ನೋಡಲೂ ಆಗಲಿಲ್ಲ. ಆ ಮನೆಯಿಂದ ನಾನು ತಂದಿರುವುದು ಅಲ್ಲಿ ಆಡುತ್ತಿದ್ದ ಮಾತೊಂದನ್ನೇ.

ಜೇಕಬನ ಮನೆಯಿಂದ ಹೊರಬರುವಾಗ ಮಗಳು ಕೇಳಿದಳು: "ಅಪ್ಪಾ, ಇವರು ತಮ್ಮ ಭಾಷೆ ಯಾವಾಗ ಬಿಟ್ಟರು?" ಯಾವ ದಿನವೂ ಯಾರೂ ಬಿಡಬೇಕೆಂದು ತೀರ್ಮಾನಿಸಿರಲಿಕ್ಕಿಲ್ಲ, ಸುಲಭವಾದದ್ದನ್ನು ಆಡುತ್ತ ಹೋದರು, ಅಷ್ಟೇ, ಎಂದೆ. ಕಾರು ಹೆದ್ದಾರಿ ಸೇರಿದ ಮೇಲೆ ಹೊಳೆಯಿತು: ಅವಳು ಕೇಳಿದ್ದು ಇಂಗ್ಲಿಷಿನಲ್ಲಿ, ನಾನು ಉತ್ತರಿಸಿದ್ದೂ ಇಂಗ್ಲಿಷಿನಲ್ಲೇ.

ಅದಕ್ಕೇ ಈ ಕತೆಯನ್ನು ಮೊದಲಿನಿಂದ ಕನ್ನಡದಲ್ಲಿ ಬರೆದೆ. ಸಂಚಿಕೆ ಕೈಸೇರಿದ ದಿನ ಇದನ್ನು ಅವಳಿಗೆ ಓದಿ ಹೇಳುತ್ತೇನೆ. ಅರ್ಥವಾಗದ ಕಡೆ ನಿಲ್ಲಿಸಿ ಕೇಳುತ್ತಾಳೆ, ಕೇಳಲಿ. ವಾರ್ಷಿಕೋತ್ಸವದ ಸಂಭ್ರಮದಲ್ಲಿರುವ ಸಂಘಕ್ಕೂ ನಿಮ್ಮೆಲ್ಲರ ಮನೆಗಳಿಗೂ ಶುಭವಾಗಲಿ.