ಅಣ್ಣನ ಚರ್ಮವೂ ಒಗ್ಗಲಿಲ್ಲ

ಮಾವಿನ ಗಿಡಕ್ಕೆ ಕಸಿ ಕಟ್ಟುವುದನ್ನು ಊರಿನ ತೋಟಗಳಲ್ಲಿ ನೀವೆಲ್ಲ ನೋಡಿರುತ್ತೀರಿ. ಹುಳಿಮಾವಿನ ಬುಡದ ಮೇಲೆ ಮಲಗೋವಾ ಕಡ್ಡಿ ಕೂರಿಸಿದರೆ ತಕರಾರಿಲ್ಲದೆ ಚಿಗುರುತ್ತದೆ. ಮನುಷ್ಯನ ಚರ್ಮ ಅಷ್ಟು ಸುಲಭವಾಗಿ ಪರರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಈ ಚರ್ಮದ ಕಥೆಗೆ ಮೈಸೂರಿನ ನಂಟೂ ಇದೆ, ನಮ್ಮ ಮದರಾಸಿನ ನಂಟೂ ಇದೆ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತು ಹೊಡೆಯುತ್ತಿದ್ದ ಕವಾಸ್ಜಿ ಎಂಬಾತ 1792ರಲ್ಲಿ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕ. ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷದ ಮೇಲೆ ಪುಣೆಯ ಹತ್ತಿರದ ಒಬ್ಬ ನಾಟಿ ವೈದ್ಯ ಅವನ ಹಣೆಯ ಮೇಲೆ ಮೇಣದ ಅಚ್ಚಿಟ್ಟು ಗೆರೆ ಎಳೆದು, ಚರ್ಮ ಬಿಡಿಸಿ, ಕೆಳಕ್ಕೆ ಮಡಚಿ ಮೂಗು ಮಾಡಿದ. ಹುಬ್ಬುಗಳ ನಡುವೆ ಒಂದು ಪಟ್ಟಿ ಚರ್ಮವನ್ನು ಕತ್ತರಿಸದೆ ಉಳಿಸಿದ್ದರಿಂದ ರಕ್ತ ಹರಿಯುತ್ತಿತ್ತು. ಸುಮಾರು 25 ದಿನಗಳ ಮೇಲೆ ಅದನ್ನೂ ಬಿಡಿಸಿದರು. ಮೂಗು ನಿಂತಿತು! ಮೊದಲು ಮದರಾಸ್ ಗೆಜೆಟ್‌ನಲ್ಲಿ ಬಂದ ಈ ಸುದ್ದಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಪತ್ರಿಕೆ ತಲುಪಿತು. ಲಂಡನ್ ವರದಿಯಲ್ಲಿ ಶಸ್ತ್ರಕ್ರಿಯೆ ನೋಡಿದ ಇಬ್ಬರು ಇಂಗ್ಲಿಷ್ ವೈದ್ಯರ ಹೆಸರಿದೆ, ಮಾಡಿದವನ ಹೆಸರಿಲ್ಲ. ಅದೇನು ನ್ಯಾಯವೋ!

ಕವಾಸ್ಜಿಯ ಮೂಗು ನಿಂತದ್ದು ಅದು ಅವನದೇ ಚರ್ಮವಾಗಿದ್ದರಿಂದ. ಬೇರೆಯವರ ಚರ್ಮವಾದರೆ? ಎರಡನೆಯ ಮಹಾಯುದ್ಧದ ಕಾಲದಲ್ಲಿ ಗ್ಲಾಸ್ಗೋದಲ್ಲಿ ಮೈ ಸುಟ್ಟ ಒಬ್ಬ ಹೆಣ್ಣುಮಗಳಿಗೆ ಅವಳ ಸೋದರನ ಚರ್ಮದ ಚೂರುಗಳನ್ನು ಅಂಟಿಸಿದರು. ಅವು ಹಿಡಿದವು, ಆಮೇಲೆ ಸತ್ತವು. ಅದೇ ಸೋದರನ ಚರ್ಮವನ್ನು ಎರಡನೆಯ ಸಲ ಹಾಕಿದಾಗ ಇನ್ನೂ ಬೇಗ ಹಾಳಾಯಿತು. ಅಂದರೆ ದೇಹ ಗುರುತಿಟ್ಟುಕೊಂಡಿತ್ತು! ಗಿಬ್ಸನ್ ಮತ್ತು ಪೀಟರ್ ಮೆಡಾವರ್ ಇದನ್ನು 1943ರಲ್ಲಿ ಪ್ರಕಟಿಸಿದರು.

ಮುಂದಿನ ಕೆಲಸ ಇಲಿಗಳದು. ಕಂದು ಇಲಿಗೆ ಬೇರೆ ತಳಿಯ ಬಿಳಿ ಇಲಿಯ ಚರ್ಮ ಹಾಕಿದರೆ ಮೊದಲ ಕೆಲವು ದಿನ ಎಲ್ಲ ಸರಿಯಾಗಿರುತ್ತದೆ, ರಕ್ತನಾಳ ಕೂಡಿಕೊಂಡು ಚರ್ಮ ಕೆಂಪಗೆ ಕಾಣುತ್ತದೆ. ಅಷ್ಟರಲ್ಲಿ ಬಿಳಿ ರಕ್ತಕಣಗಳು ಮುತ್ತುತ್ತವೆ. ಹನ್ನೊಂದು ದಿನಗಳ ಆಸುಪಾಸಿಗೆ ಚರ್ಮ ಒಣಗಿ ಹಕ್ಕಳೆಯಾಗುತ್ತದೆ. 1953ರಲ್ಲಿ ಬಿಲ್ಲಿಂಗ್‌ಹ್ಯಾಮ್, ಬ್ರೆಂಟ್, ಮೆಡಾವರ್ ಮೂವರೂ ಇನ್ನೂ ತಾಯ ಹೊಟ್ಟೆಯಲ್ಲಿದ್ದ ಕಂದು ಮರಿಗಳಿಗೆ ಬಿಳಿ ತಳಿಯ ಜೀವಕೋಶಗಳನ್ನು ಚುಚ್ಚಿದರು. ಅವುಗಳಲ್ಲಿ ಕೆಲವು ದೊಡ್ಡವಾದ ಮೇಲೆ ಬಿಳಿ ಚರ್ಮವನ್ನು ತಮ್ಮದೆಂದೇ ಇಟ್ಟುಕೊಂಡವು. ಕಂದು ಬೆನ್ನಿನ ಮೇಲೆ ಬಿಳಿ ಕೂದಲಿನ ತೇಪೆ! ಮೆಡಾವರ್‌ಗೆ 1960ರಲ್ಲಿ ಬರ್ನೆಟ್ ಜೊತೆ ನೊಬೆಲ್ ಬಂತು. ಮರುವರ್ಷ ಜಾಕ್ ಮಿಲ್ಲರ್, ಹುಟ್ಟಿದೊಡನೆ ಎದೆಯೊಳಗಿನ ಥೈಮಸ್ ಗ್ರಂಥಿ ತೆಗೆದ ಇಲಿಗಳು ಪರಚರ್ಮವನ್ನು ತಳ್ಳುವುದಿಲ್ಲವೆಂದು ತೋರಿಸಿದರು. ನಿಷ್ಪ್ರಯೋಜಕ ಎಂದು ಎಲ್ಲರೂ ಕಡೆಗಣಿಸಿದ್ದ ಗ್ರಂಥಿ ಅದು.

ಹುಟ್ಟುವ ಮುಂಚೆ ಕಲಿಸುವ ಆ ಉಪಾಯ ದೊಡ್ಡವರಿಗೆ ಒದಗುವಂಥದ್ದಲ್ಲ. ಇಲ್ಲೇ ಹತ್ತಿರದ ವೆಲ್ಲೂರಿನ ಸಿ.ಎಂ.ಸಿ.ಯಲ್ಲಿ 1971ರಲ್ಲಿ ಮೂತ್ರಪಿಂಡದ ಕಸಿ ಗೆದ್ದಿತು; ಕಸಿ ಮಾಡಿಸಿಕೊಂಡವರು ದೇಹದ ಈ ಹಟವನ್ನು ತಗ್ಗಿಸುವ ಮಾತ್ರೆಗಳನ್ನು ದಿನವೂ ನುಂಗಬೇಕು. ಚರ್ಮದ ಹಟ ಅದಕ್ಕಿಂತ ಹೆಚ್ಚು. ಹಾಗಾದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಂಥ ಕಡೆ ಚರ್ಮ ಬ್ಯಾಂಕ್ ಯಾಕೆ ಎಂದು ಕೇಳಬಹುದು. ಸತ್ತವರು ಕೊಟ್ಟ ಆ ಚರ್ಮ ಕೆಲವು ವಾರಗಳಲ್ಲಿ ಉದುರಿಹೋಗುತ್ತದೆ, ನಿಜ. ಆದರೆ ಅಷ್ಟು ದಿನ ಅದು ಸುಟ್ಟ ಮೈಯಿಂದ ನೀರು ಸೋರದಂತೆ, ನಂಜು ಏರದಂತೆ ಕಾಯುತ್ತದೆ. ಅಷ್ಟರಲ್ಲಿ ರೋಗಿಯ ತೊಡೆಯ ಚರ್ಮವನ್ನೇ ತೆಳ್ಳಗೆ ಬಿಡಿಸಿ ಹಾಕಲು ವೈದ್ಯರಿಗೆ ಸಮಯ ಸಿಗುತ್ತದೆ.